ನವೆಂಬರ್ 14, 2024, ಗುರುವಾರ: ಫೆಬ್ರವರಿಯ ಪಾಸ್‌ವರ್ಡ್

ಮೈಸೂರು, ರಾತ್ರಿ 9.30

ಮಧ್ಯಾಹ್ನ ಒಂದೂವರೆಯಿಂದ ಈವರೆಗೆ ಆಫೀಸಿನ ಡೇಟಾಬೇಸ್ ಅಕೌಂಟ್ ಒಮ್ಮೆಯೂ ಲಾಕ್ ಆಗಿಲ್ಲ. ಮೂರು ದಿನದ ಮೇಲೆ ಇವತ್ತು ಫೋನ್ ಪಕ್ಕದಲ್ಲಿಟ್ಟುಕೊಳ್ಳದೆ ಊಟ ಮಾಡಿದೆ.

ಸೋಮವಾರ ಸಂಜೆ ನಮ್ಮ ಡೇಟಾಬೇಸ್ ಓಡಿಸುವ ಎಸ್‌ಕ್ಯುಎಲ್ ಸರ್ವರ್‌ನ ಸರ್ವಿಸ್ ಅಕೌಂಟಿಗೆ, ಅಂದರೆ ಮನುಷ್ಯರ ಬದಲು ಪ್ರೋಗ್ರಾಂಗಳೇ ಲಾಗಿನ್ ಆಗುವ ಅಕೌಂಟಿಗೆ, ಹೊಸ ಪಾಸ್‌ವರ್ಡ್ ಹಾಕಿದ್ದೆವು. ಮೂರು ತಿಂಗಳಿಗೊಮ್ಮೆ ಮಾಡುವ ಕೆಲಸವೇ. ಕಾನ್ಫಿಗರೇಶನ್ ಮ್ಯಾನೇಜರ್‌ನಲ್ಲಿ, ಬಿಲ್ಲಿಂಗ್ ಅಪ್ಲಿಕೇಶನ್‌ನಲ್ಲಿ, ಎರಡೂ ಕಡೆ ಬದಲಿಸಿ ಮನೆಗೆ ಬಂದೆ. ಆವತ್ತು ರಾತ್ರಿಯೇ ಮೊದಲ ಲಾಕ್. ಡೇಟಾಬೇಸ್ ನಿಲ್ಲಲಿಲ್ಲ, ಅದು ಆಗಲೇ ಲಾಗಿನ್ ಆಗಿ ಓಡುತ್ತಿತ್ತು. ಅದೇ ಅಕೌಂಟ್‌ನಲ್ಲಿ ಹೊಸದಾಗಿ ಒಳಗೆ ಬರಬೇಕಾದ ಬಿಲ್ಲಿಂಗ್ ನಿಂತಿತು. ಮಂಗಳವಾರ ಬೆಳಿಗ್ಗೆ ಮಂಡ್ಯದ ಗೋಡೌನ್ ಮುಂದೆ ಲಾರಿಗಳು ಬಿಲ್ ಇಲ್ಲದೆ ಕಾದವು. ಡ್ರೈವರ್‌ಗಳ ಎರಡು ಗಂಟೆ ಸುಮ್ನೆ ಹಾಳಾಯಿತು. ನನಗೆ ಜಾಸ್ತಿ ಬೇಜಾರಾಗಿದ್ದು ಅದಕ್ಕೇ.

"ಐದು ಸಲ ತಪ್ಪಿದ್ರೆ ಲಾಕ್ ಅನ್ನೋ ರೂಲ್‌ನೇ ತೆಗೆದುಬಿಡಿ ಮೇಡಂ" ಎಂದರು ಆಫೀಸಿನಲ್ಲಿ. ನಾನು ಒಪ್ಪಲಿಲ್ಲ. ಇಡೀ ಡೇಟಾಬೇಸಿನ ಬೀಗದ ಕೈ ಆ ಅಕೌಂಟ್. ಯಾರು ಎಷ್ಟು ಸಲ ಬೇಕಾದರೂ ಪಾಸ್‌ವರ್ಡ್ ಊಹಿಸಲಿ ಅಂತ ಬಿಡೋಕಾಗುತ್ತಾ?

ಟೀಮಿಗೆ ಹೊಸದಾಗಿ ಬಂದ ಹುಡುಗಿ ಒಂದು ಒಳ್ಳೆಯ ಕೆಲಸ ಮಾಡಿದ್ದಳು. ಪ್ರತಿ ಸಲ ಅನ್‌ಲಾಕ್ ಮಾಡಿದ ಸಮಯ, ಮತ್ತೆ ಲಾಕ್ ಆದ ಸಮಯ, ಎರಡನ್ನೂ ಹಾಳೆಯಲ್ಲಿ ಬರೆದಿಟ್ಟಿದ್ದಳು. ನಡುವಿನ ಅಂತರ ಪ್ರತಿ ಸಲವೂ 40ರಿಂದ 50 ನಿಮಿಷ. ಐದು ತಪ್ಪಿಗೆ ಲಾಕ್ ಅಂದರೆ ಹತ್ತು ನಿಮಿಷಕ್ಕೊಂದು ತಪ್ಪು, ಹಗಲೂ ರಾತ್ರಿಯೂ. ಇದು ಮನುಷ್ಯರ ಕೈಯಲ್ಲ, ಯಾವುದೋ ಶೆಡ್ಯೂಲ್ ಎಂದು ಆಗಲೇ ಗೊತ್ತಾಯಿತು.

ಎಲ್ಲಿಂದ ಎನ್ನುವುದಕ್ಕೆ ಒಂದು ದಿನ ಕಳೆದೆವು. ಲಾಗಿನ್ ಪರೀಕ್ಷಿಸುವ ಸರ್ವರ್‌ಗಳಿಗೆ ಡೊಮೇನ್ ಕಂಟ್ರೋಲರ್ ಅಂತಾರೆ. ನಾವು ಹತ್ತಿರದ ಡೊಮೇನ್ ಕಂಟ್ರೋಲರ್‌ನ ಲಾಗ್ ಮಾತ್ರ ನೋಡುತ್ತಿದ್ದೆವು. ನೋಡಬೇಕಾದದ್ದು ಪಿಡಿಸಿ ಎಮ್ಯುಲೇಟರ್, ಅಂದರೆ ಎಲ್ಲ ಲಾಕ್‌ಗಳ ಸುದ್ದಿ ತಲುಪುವ ಮುಖ್ಯ ಕಂಟ್ರೋಲರ್, ಇರುವ ಸರ್ವರ್‌ನಲ್ಲಿ. ಅಲ್ಲಿನ ಸೆಕ್ಯುರಿಟಿ ಲಾಗ್‌ನಲ್ಲಿ ಅಕೌಂಟ್ ಲಾಕ್ ಆಯಿತು ಎನ್ನುವ 4740 ಸಂಖ್ಯೆಯ ಇವೆಂಟ್ ಇತ್ತು, ಅದರಲ್ಲಿ ತಪ್ಪು ಪಾಸ್‌ವರ್ಡ್ ಕಳಿಸಿದ ಕಂಪ್ಯೂಟರ್‌ನ ಹೆಸರು. ನಮ್ಮ ಪಟ್ಟಿಯಲ್ಲೇ ಇಲ್ಲದ ಹೆಸರು! ಐಪಿ ಹುಡುಕಿದರೆ ಮಂಡ್ಯದ ಗೋಡೌನ್.

ಬೆಳಿಗ್ಗೆ ರೈಲು ಹತ್ತಿದೆ. ಗೋಡೌನ್ ಮೂಲೆಯ ಮೇಜಿನ ಕೆಳಗೆ, ಖಾಲಿ ಚೀಲಗಳ ಹಿಂದೆ, ಹಳೇ ಕಂಪ್ಯೂಟರ್ ಒಂದು ಓಡುತ್ತಲೇ ಇತ್ತು. "ಆಫ್ ಮಾಡ್ಬೇಡಿ ಅಂದಿದ್ರು ಮೇಡಂ, ಅದುಕ್ಕೇ ಹಂಗೇ ಬುಟ್ಟಿವ್ನಿ" ಎಂದರು ಅಲ್ಲಿನ ಅಣ್ಣ. ಅವರ ತಪ್ಪೇನಿಲ್ಲ. ಆ ಕಂಪ್ಯೂಟರ್ ಇನ್ನು ಬೇಡ ಎಂದು ಹೇಳಬೇಕಿದ್ದವರು ನಾವು. ಅದರ ಲಾಗ್‌ನಲ್ಲಿ 4625ರ, ಅಂದರೆ ಸೋತ ಲಾಗಿನ್‌ನ, ಸಾಲು ಸಾಲು, ಲಾಗಾನ್ ಟೈಪ್ 4, ಅಂದರೆ ನಿಗದಿತ ಸಮಯಕ್ಕೆ ತಾನಾಗಿ ಕೆಲಸ ಓಡಿಸುವ ಟಾಸ್ಕ್ ಶೆಡ್ಯೂಲರ್. ಹಳೇ ಬಿಲ್ಲಿಂಗ್ ಇದ್ದಾಗ ಸ್ಟಾಕ್ ಲೆಕ್ಕ ಕಳಿಸುತ್ತಿದ್ದ ಟಾಸ್ಕ್ ಅದು. ಫೆಬ್ರವರಿಯಲ್ಲಿ ಹಾಕಿದ ಪಾಸ್‌ವರ್ಡ್ ಇಟ್ಟುಕೊಂಡು ಇನ್ನೂ ಬಾಗಿಲು ತಟ್ಟುತ್ತಿತ್ತು. ಅದನ್ನು ನಿಲ್ಲಿಸಿದಾಗ ಮಧ್ಯಾಹ್ನ ಒಂದೂವರೆ.

ಮೇ ತಿಂಗಳಲ್ಲೂ ಆಗಸ್ಟ್‌ನಲ್ಲೂ ಪಾಸ್‌ವರ್ಡ್ ಬದಲಾಗಿದೆ. ಆಗೆಲ್ಲ ಲಾಕ್ ಆಗದೆ ಈಗ ಯಾಕೆ? ವಾಪಸ್ ಬರುವಾಗ ರೈಲಿನಲ್ಲಿ ಇದೇ ಯೋಚನೆ. ಉತ್ತರ ಅಕೌಂಟ್‌ಗಳನ್ನೂ ಪಾಸ್‌ವರ್ಡ್‌ಗಳನ್ನೂ ನೋಡಿಕೊಳ್ಳುವ ಆಕ್ಟಿವ್ ಡೈರೆಕ್ಟರಿಯ ಒಂದು ನಿಯಮದಲ್ಲಿದೆ. ತಪ್ಪು ಪಾಸ್‌ವರ್ಡ್ ಬಂದಾಗ ಅದು ಹಳೇ ಪಾಸ್‌ವರ್ಡ್‌ಗಳ ಜೊತೆ ಹೋಲಿಸಿ ನೋಡುತ್ತದೆ. ಹಿಂದಿನ ಎರಡರಲ್ಲಿ ಒಂದಾಗಿದ್ದರೆ ಒಳಗೆ ಬಿಡುವುದಿಲ್ಲ, ಆದರೆ ತಪ್ಪಿನ ಲೆಕ್ಕಕ್ಕೂ ಸೇರಿಸುವುದಿಲ್ಲ. ಮೇ ತಿಂಗಳಿಂದ ಆ ಟಾಸ್ಕ್ ಸೋಲುತ್ತಲೇ ಇತ್ತು. ಸೋಮವಾರ ನಾವು ಹೊಸದು ಹಾಕಿದಾಗ ಫೆಬ್ರವರಿಯದು ಮೂರನೆಯ ಹಳೆಯದಾಯಿತು, ಲೆಕ್ಕ ಶುರುವಾಯಿತು. ಎಷ್ಟು ಸರಳ, ಅಲ್ವಾ? ಇದು ಹೊಳೆದಾಗ ಶ್ರೀರಂಗಪಟ್ಟಣ ದಾಟಿತ್ತು. ತಕ್ಷಣ ಆ ಹುಡುಗಿಗೆ ಫೋನ್ ಮಾಡಿ ಹೇಳಿದೆ.

ಸರ್ವರ್ ಸರ್ವಿಸ್‌ಗೆ ಇನ್ನು ಗ್ರೂಪ್ ಮ್ಯಾನೇಜ್ಡ್ ಸರ್ವಿಸ್ ಅಕೌಂಟ್ ಕೊಡಬೇಕು. ವಿಂಡೋಸ್ ಸರ್ವರ್ 2012ರಿಂದಲೇ ಇದೆ. ಪಾಸ್‌ವರ್ಡ್ ತಾನಾಗಿ 30 ದಿನಕ್ಕೊಮ್ಮೆ ಬದಲಾಗುತ್ತದೆ, ಯಾರೂ ಟೈಪ್ ಮಾಡಬೇಕಿಲ್ಲ. ಬಿಲ್ಲಿಂಗ್‌ಗೆ ಬೇರೆಯದೇ ಅಕೌಂಟ್. ಅದಕ್ಕೂ ಮೊದಲು ಈಗಿನ ಅಕೌಂಟ್ ಎಲ್ಲೆಲ್ಲಿ ಇದೆ ಅಂತ ಪಟ್ಟಿ ಆಗಬೇಕು. ಸಂಜೆಯವರೆಗೆ ಆ ಹುಡುಗಿಯೂ ನಾನೂ ಕೂತು ಹುಡುಕಿದೆವು. ಹನ್ನೊಂದು ಕಡೆ ಸಿಕ್ಕಿದೆ. ನಾಳೆ ಬ್ಯಾಕಪ್ ಸರ್ವರ್ ನೋಡಬೇಕು.