ಬೆಳಿಗ್ಗೆ ಬೈಗುಳ, ಸಂಜೆ ಚಪ್ಪಾಳೆ

2 ಆಗಸ್ಟ್ 2021, ಸೋಮವಾರ
ಬೆಂಗಳೂರು, ರಾತ್ರಿ ಒಂಬತ್ತೂವರೆ

ಬೆಳಿಗ್ಗೆ ಟೋಕಿಯೋ ಒಲಿಂಪಿಕ್ಸ್ ಹಾಕಿಯಲ್ಲಿ ನಮ್ಮ ಹುಡುಗಿಯರು ಆಸ್ಟ್ರೇಲಿಯಾವನ್ನು 1-0ರಿಂದ ಸೋಲಿಸಿ ಮನೆಗೆ ಕಳಿಸಿದರು. ಗುರ್ಜಿತ್ ಕೌರ್ ಗೋಲು ಹೊಡೆದಾಗ ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಏನಾಯ್ತೋ ಅಂತ ಕಿಟಕಿ ತೆಗೆದು ನೋಡಿದರು. ಅದೇ ನಾನು ಸಂಜೆ ಆಸ್ಟ್ರೇಲಿಯಾದ ಒಬ್ಬ ಮುದುಕನಿಗೆ ಎದ್ದು ನಿಂತು ಚಪ್ಪಾಳೆ ಹೊಡೆದೆ. "ತಾತ, ನೀನು ಯಾವ ಪಾರ್ಟಿ?" ಅಂದಳು ಮೊಮ್ಮಗಳು.

ಮುದುಕ ಅನ್ನಬಾರದಿತ್ತು. ಆ ಕುದುರೆ ಸವಾರ ಆಂಡ್ರ್ಯೂ ಹೋಯ್‌ಗೆ 62. ನನಗೆ 61.

ನಿಜ ಹೇಳಬೇಕಂದರೆ ನಾನು ಮಗನ ಲ್ಯಾಪ್‌ಟಾಪ್ ಮುಂದೆ ಕೂತಿದ್ದು ನಮ್ಮೂರ ಹುಡುಗ ಫವಾದ್ ಮಿರ್ಜಾನಿಗಾಗಿ. ಕುದುರೆ ಸವಾರಿಯಲ್ಲಿ ನಮ್ಮವರೊಬ್ಬರು ಒಲಿಂಪಿಕ್ಸ್‌ಗೆ ಹೋಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಮೊದಲ ಹಂತ ಡ್ರೆಸಾಜ್ (ಕುದುರೆಯ ನಡೆ, ವಿಧೇಯತೆ ನೋಡುವ ಸುತ್ತು) ಮುಗಿದಾಗ 28 ದಂಡಾಂಕಕ್ಕೆ ಒಂಬತ್ತನೇ ಸ್ಥಾನ; ದಂಡಾಂಕ ಕಡಿಮೆ ಇದ್ದಷ್ಟೂ ಮೇಲು. ಶನಿವಾರ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಿನ್ನೆ ಬಯಲಿನ ಓಟ ಕ್ರಾಸ್ ಕಂಟ್ರಿಯಲ್ಲಿ ಒಂದು ಅಡೆತಡೆಯನ್ನೂ ತಪ್ಪಿಸದೆ ದಾಟಿದ, ಆದರೆ 7 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಬೇಕಾದ್ದಕ್ಕೆ 8 ನಿಮಿಷ 13 ಸೆಕೆಂಡು ಹಿಡಿಯಿತು. ಒಂದೊಂದು ಸೆಕೆಂಡಿಗೂ 0.4 ದಂಡ. ಇವತ್ತು ಕೋಲುಗಳ ಮೇಲೆ ಹಾರುವ ಕಡೇ ಹಂತ, ಕೋಲು ಬಿದ್ದರೆ ಅದಕ್ಕೂ ದಂಡ. ಒಂದಷ್ಟು ಕೋಲು ಬಿದ್ದವು, ಕೊನೆಗೆ 23ನೇ ಸ್ಥಾನ. ಮೊದಲ ಒಲಿಂಪಿಕ್ಸ್‌ನಲ್ಲೇ 25 ಜನರ ಕೊನೆಯ ಸುತ್ತಿಗೆ ಬಂದನಲ್ಲ, ಸಾಲದೇ?

"ಗಂಡಸರು ಹೆಂಗಸರು ಒಟ್ಟಿಗೇನಾ?" ಅಂದಳು ಹೆಂಡತಿ, ಕಾಫಿ ಇಡುತ್ತಾ. ಹೌದು, ಈ ಆಟದಲ್ಲಿ ಬೇರೆ ಬೇರೆ ಪಟ್ಟಿ ಇಲ್ಲ. ಇವತ್ತು ಗೆದ್ದದ್ದೂ ಜರ್ಮನಿಯ ಹೆಣ್ಣುಮಗಳು ಯೂಲಿಯಾ ಕ್ರಯೇವ್‌ಸ್ಕಿ. ಈ ಮೂರು ಹಂತದ ಸ್ಪರ್ಧೆಗೆ ಇವೆಂಟಿಂಗ್ ಅನ್ನುತ್ತಾರೆ, ಅದರಲ್ಲಿ ವೈಯಕ್ತಿಕ ಚಿನ್ನ ಗೆದ್ದ ಮೊದಲ ಮಹಿಳೆಯಂತೆ. ಇವಳು ಕಾಫಿ ಲೋಟ ಕೈಯಲ್ಲಿ ಹಿಡಿದೇ ಅಲ್ಲೇ ಕೂತಳು.

ಅಷ್ಟರಲ್ಲಿ ಹೋಯ್ ಬಂದ. ಬಂದ ಅನ್ನುವುದಕ್ಕಿಂತ, ವಾಸಿಲಿ ದ ಲಾಸ್ಸೋಸ್ ಅನ್ನುವ ಹನ್ನೆರಡು ವರ್ಷದ ಕುದುರೆ ಆತನನ್ನು ಹೊತ್ತು ತಂದಿತು. ಕೊರೋನಾ ಅಂತ ಜನರನ್ನು ಬಿಟ್ಟಿಲ್ಲ, ಆಸನಗಳೆಲ್ಲ ಖಾಲಿ. ಹಾಗಾಗಿ ಟಿವಿಯಲ್ಲಿ ಎಂದೂ ಕೇಳಿಸದ್ದು ಕೇಳಿಸಿತು: ಕುದುರೆಯ ಉಸಿರು. ಮೂರು ಹೆಜ್ಜೆಗೊಮ್ಮೆ ಭುಸ್ ಭುಸ್. ಕೋಲಿನ ಹತ್ತಿರ ಬಂದಾಗ ಅದರ ಕಿವಿಗಳೆರಡೂ ಮುಂದಕ್ಕೆ ನಿಲ್ಲುತ್ತವೆ. ಹೋಯ್‌ನ ಮುಂಗೈ ಕುದುರೆಯ ಕತ್ತಿನುದ್ದಕ್ಕೆ ಮುಂದೆ ಜಾರುತ್ತದೆ, ಲಗಾಮಿಗೆ ಒಂದು ಗೇಣು ಸಡಿಲ. ಆಚೆ ಇಳಿದೊಡನೆ ಆ ಗೇಣು ವಾಪಸ್. ಬೆನ್ನು ಮಾತ್ರ ಇದ್ದಲ್ಲೇ ಇದ್ದ ಹಾಗಿರುತ್ತದೆ. ಎರಡು ಸುತ್ತಿನಲ್ಲೂ ಒಂದು ಕೋಲೂ ಬೀಳಲಿಲ್ಲ. ಡ್ರೆಸಾಜ್‌ನಲ್ಲಿ 29.6 ದಂಡಾಂಕ ತೆಗೆದುಕೊಂಡವನು ಕೊನೆಯವರೆಗೂ 29.6ರಲ್ಲೇ ಇದ್ದ. ತಂಡಕ್ಕೆ ಬೆಳ್ಳಿ, ತನಗೆ ಕಂಚು.

ಈತನಿಗೆ ಇದು ಎಂಟನೇ ಒಲಿಂಪಿಕ್ಸ್. ಮೊದಲನೆಯದು 1984ರ ಲಾಸ್ ಏಂಜಲೀಸ್, ಆಗ ಡೇವಿ ಅನ್ನುವ ಕುದುರೆ. 1992ರಲ್ಲಿ ಬಾರ್ಸಿಲೋನಾದಲ್ಲಿ 'ಕಿವಿ' ಅನ್ನುವ ಕುದುರೆ ಮೇಲೆ ತಂಡದ ಚಿನ್ನ, 1996ರಲ್ಲಿ ಅಟ್ಲಾಂಟಾದಲ್ಲಿ ಡೇರಿಯನ್ ಪವರ್ಸ್ ಮೇಲೆ ಮತ್ತೆ ಚಿನ್ನ. 2000ದಲ್ಲಿ ತವರಿನ ಸಿಡ್ನಿಯಲ್ಲಿ ತಂಡಕ್ಕೂ ವೈಯಕ್ತಿಕಕ್ಕೂ ಬೇರೆ ಬೇರೆ ಸ್ಪರ್ಧೆ ಇತ್ತು. ಡೇರಿಯನ್ ಪವರ್ಸ್ ಮೇಲೆ ಚಿನ್ನ, ಸ್ವಿಜಲ್ ಇನ್ ಮೇಲೆ ಬೆಳ್ಳಿ. ಅಲ್ಲಿಂದ ಮುಂದೆ ಒಲಿಂಪಿಕ್ಸ್‌ನಲ್ಲಿ ಇಪ್ಪತ್ತೊಂದು ವರ್ಷ ಕೈಗೆ ಏನೂ ಸಿಕ್ಕಿಲ್ಲ. ನಡುವೆ 2006ರಲ್ಲಿ ಬ್ಯಾಡ್ಮಿಂಟನ್ ಗೆದ್ದ. (ಶಟಲ್ ಅಲ್ಲ. ಇಂಗ್ಲೆಂಡಿನಲ್ಲಿ ಆ ಹೆಸರಿನ ಎಸ್ಟೇಟಿನಲ್ಲಿ ನಡೆಯುವ ಕುದುರೆ ಸ್ಪರ್ಧೆ.) 2008ಕ್ಕೆ ಹೋಗಲಿಲ್ಲ, 2016ಕ್ಕೂ ಇಲ್ಲ.

ಅವನು ಗಟ್ಟಿಮುಟ್ಟಾಗಿ ಉಳಿದಿದ್ದು ನನಗೆ ಅಂಥ ದೊಡ್ಡ ಸಂಗತಿ ಅನ್ನಿಸಲಿಲ್ಲ. ನಮ್ಮ ಪಾರ್ಕಿನಲ್ಲೂ ಗಟ್ಟಿಮುಟ್ಟಾದವರಿದ್ದಾರೆ. ಈ ಆಟದಲ್ಲಿ ಕುದುರೆಗೆ ಬೇಗ ವಯಸ್ಸಾಗುತ್ತದೆ. ವರ್ಷಗಟ್ಟಲೆ ಕಷ್ಟಪಟ್ಟು ಒಂದನ್ನು ತಯಾರು ಮಾಡಿದರೆ ಅದರ ಒಳ್ಳೇ ದಿನ ಎಷ್ಟು? ಕೆಲವೇ ವರ್ಷ. ಆಮೇಲೆ ಅದು ಹುಲ್ಲುಗಾವಲಿಗೆ, ಸವಾರ ಮತ್ತೆ ಒಂದನೇ ಕ್ಲಾಸಿಗೆ. ಹೊಸ ಕುದುರೆಗೆ ಇವನ ಪದಕ ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ನೀರು ಕಂಡರೆ ಬೆದರುತ್ತದೋ, ಎಡಕ್ಕೆ ವಾಲುತ್ತದೋ, ಎಲ್ಲ ಹೊಸದಾಗಿ ಕಲಿಯಬೇಕು. ಐವತ್ತು ದಾಟಿದ ಮೇಲೆ ಹಾಗೆ ಮತ್ತೊಂದು ಕುದುರೆಯ ಹತ್ತಿರ ಹೋಗಿ ನಿಲ್ಲುವುದಿದೆಯಲ್ಲ, ಅದು ನನ್ನಿಂದ ಆಗದ ಕೆಲಸ. ಬ್ಯಾಂಕಿನಲ್ಲಿ ಹೊಸ ಸಾಫ್ಟ್‌ವೇರ್ ಬಂದಾಗಲೇ ನಾನು ವಿಆರ್‌ಎಸ್ ಲೆಕ್ಕ ಹಾಕಿದವನು.

ಕಾಮೆಂಟರಿಯವನು 1979 ಅಂದಾಗ ಮಾತ್ರ ಎದೆ ಝಲ್ಲೆಂದಿತು. ಆ ವರ್ಷ ಇಪ್ಪತ್ತರ ಹೋಯ್ ಇದೇ ಡೇವಿ ಮೇಲೆ ಇಂಗ್ಲೆಂಡಿನ ಬರ್ಲೀ ಸ್ಪರ್ಧೆ ಗೆದ್ದನಂತೆ. ಆ ವರ್ಷವೇ ನಾನು ಎನ್‌ಸಿಸಿ ಕುದುರೆಯಿಂದ ಬಿದ್ದಿದ್ದು. ಎರಡಡಿ ಎತ್ತರದ ಬಿದಿರು ಗಳ, ಅಷ್ಟೇ. "ಗಳ ನೋಡಬೇಡ, ಅದರಾಚೆ ನೋಡು" ಅಂತ ಉಸ್ತಾದರು ಕೂಗುತ್ತಲೇ ಇದ್ದರು. ನಾನು ಗಳವನ್ನೇ ನೋಡಿದೆ. ಕುದುರೆ ನಿಂತಿತು, ನಾನು ನಿಲ್ಲಲಿಲ್ಲ. ಅದರ ಕತ್ತಿನ ಮೇಲಿಂದ ಜಾರಿ ಗಳದಾಚೆ ಮೊಣಕೈ ಊರಿ ಬಿದ್ದೆ. ತಿರುಗಿ ನೋಡಿದರೆ ಕುದುರೆ ಗಳದ ಮೇಲೆ ಮೂತಿ ಇಟ್ಟು, ಇವನ್ಯಾಕೆ ಅಲ್ಲಿದ್ದಾನೆ ಅನ್ನುವ ಹಾಗೆ ನೋಡುತ್ತಿತ್ತು.

ಮೊಮ್ಮಗಳಿಗೆ ಈ ಕಥೆ ಬಹಳ ಹಿಡಿಸಿತು. ಮೊಣಕೈ ಗಾಯದ ಕಲೆ ಮುಟ್ಟಿ ಮುಟ್ಟಿ ನೋಡಿದಳು. ಕುದುರೆ ಹೆಸರೇನು ಅಂದಳು. ರುಸ್ತುಂ ಅಂದೆ. ಬಣ್ಣ? ಕಂದು, ಹಣೆ ಮೇಲೆ ಬಿಳಿ ಬೊಟ್ಟು.

"ಆಮೇಲೆ ಮತ್ತೆ ಹತ್ತಿದ್ಯಾ ತಾತ?"

ಇಲ್ಲಮ್ಮ ಅಂದೆ. ಅಷ್ಟರಲ್ಲಿ ಒಳಗಿಂದ ಊಟಕ್ಕೆ ಕರೆದರು.