ಬೆಡ್‌ಶೀಟ್ ಬೇಡ, ಕೋಟೆ ಹಾಕಿ

ನಮ್ಮ ಬೀದರಿನ ಹೋಟೆಲ್‌ಗಳ ಇನ್‌ಸ್ಟಾಗ್ರಾಂ ಪೇಜ್ ಒಮ್ಮೆ ತೆಗೆದು ನೋಡಿ. ಮೇಲುಗಡೆ ಯುಗಾದಿ ಶುಭಾಶಯ. ಅದರ ಕೆಳಗೆ ಬಸವ ಜಯಂತಿ, ಈದ್ ಮುಬಾರಕ್, ಗಣರಾಜ್ಯೋತ್ಸವ. ಎಲ್ಲದರ ಮೂಲೆಯಲ್ಲೂ ಮಾಲೀಕರ ಅದೇ ಕೈ ಮುಗಿದ ಫೋಟೋ. ನಡುವೆ ಎಲ್ಲೋ ಒಂದು ಮಂಚ, ಮಂಚದ ಮೇಲೆ ಬಿಳಿ ಬೆಡ್‌ಶೀಟ್, ಅದರ ಮೇಲೆ ಟವೆಲ್ ಮಡಚಿ ಮಾಡಿದ ಹಂಸ. ಇದನ್ನು ಫಾಲೋ ಮಾಡುವವರು ಯಾರು? ಮಾಲೀಕರ ಬೀಗರು, ಹೋಟೆಲ್ ಹುಡುಗರು, ಟವೆಲ್ ಸಪ್ಲೈ ಮಾಡುವವನು. ಉಳಿದವರು ಎದುರಿನ ಹೋಟೆಲ್‌ನವರು, ರೇಟ್ ಎಷ್ಟು ಇಟ್ಟಿದ್ದಾರೆ ಅಂತ ನೋಡಲಿಕ್ಕೆ.

ನಾನು ನನ್ನ ಸೋದರಮಾವನ ಹೋಟೆಲ್‌ನ ಪೇಜ್ ನೋಡಿಕೊಳ್ಳುತ್ತೇನೆ. ಕೆಳಗೆ ಊಟ, ಮೇಲೆ ರೂಮು, ಹೊರಗೆ ಟೆಂಪೋ ಟ್ರಾವೆಲರ್ ನಿಲ್ಲುವಷ್ಟು ಜಾಗ. ದೊಡ್ಡದೇನೂ ಅಲ್ಲ. ಆದರೂ ಕಲಬುರಗಿ, ಯಾದಗಿರಿ ಕಡೆಯ ಹೋಟೆಲ್‌ನವರು ಫೋನ್ ಮಾಡಿ "ಫಾಲೋವರ್ಸ್ ಹೆಂಗ್ ಬೆಳಸ್ತೀರಿ ರೀ?" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ಬೀದರಿಗೆ ಯಾರೂ ನಿಮ್ಮ ಹೋಟೆಲ್ ನೋಡಲು ಬರುವುದಿಲ್ಲ. ಕೋಟೆಗೆ ಬರುತ್ತಾರೆ, ಸಿಖ್ಖರ ಗುರುದ್ವಾರ ನಾನಕ್ ಝೀರಾಕ್ಕೆ ಬರುತ್ತಾರೆ, ಗುಹೆಯ ನೀರಿನಲ್ಲಿ ನಡೆದು ಹೋಗಿ ನೋಡುವ ಝರಣಿ ನರಸಿಂಹನಿಗೆ ಬರುತ್ತಾರೆ, ಮದುವೆಗೆ, ಕೋರ್ಟ್ ಕೆಲಸಕ್ಕೆ ಬರುತ್ತಾರೆ. ರಾತ್ರಿ ಆಗುತ್ತದೆ, ಅದಕ್ಕೇ ನಿಮ್ಮಲ್ಲಿ ಮಲಗುತ್ತಾರೆ. ಅಷ್ಟೇ. ಹಾಗಾಗಿ ಪೇಜ್ ಊರಿನದಾಗಿರಬೇಕು, ನಿಮ್ಮ ಹೋಟೆಲ್ ಅದರಲ್ಲಿ ಒಂದು ಮೂಲೆ ಹಿಡಿದು ಕೂತಿರಬೇಕು. ಇದನ್ನು ಮಾವನಿಗೆ ಒಪ್ಪಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. "ರೊಕ್ಕ ನಂದು, ಪ್ರಚಾರ ಕೋಟೀದಾ?" ಅಂದರು. ಹೌದು ಮಾವ, ಕೋಟೆಯದೇ. ಬಹಮನಿ ಸುಲ್ತಾನರು ಕಲಬುರಗಿ ಬಿಟ್ಟು ರಾಜಧಾನಿಯನ್ನೇ ಇಲ್ಲಿಗೆ ತಂದಿದ್ದಾರೆ, ಆರುನೂರು ವರ್ಷದ ಮೇಲೂ ಪುಕ್ಕಟೆ ಗಿರಾಕಿ ಕಳಿಸುತ್ತಿದ್ದಾರೆ. ಅವರನ್ನು ಬಿಟ್ಟು ಟವೆಲ್ ಹಂಸದ ಫೋಟೋ ಹಾಕುತ್ತೀರಾ?

ಈಗ ಯಾರಿಗಾಗಿ ಹಾಕುವುದು ಅನ್ನುವುದು. ಅಕೌಂಟ್ ಅನ್ನು ಪ್ರೊಫೆಷನಲ್ ಮಾಡಿಕೊಂಡರೆ ಇನ್‌ಸೈಟ್ಸ್ ಅಂತ ಬರುತ್ತದೆ, ನಿಮ್ಮ ಫಾಲೋವರ್ಸ್ ಯಾವ ಊರಿನವರು ಅಂತ ಅಲ್ಲಿ ಕಾಣುತ್ತದೆ. ನಮ್ಮ ಪೇಜ್‌ನಲ್ಲಿ ಮೊದಲ ಸ್ಥಾನ ಹೈದರಾಬಾದ್. ಆಶ್ಚರ್ಯ ಇಲ್ಲ. ಬೆಂಗಳೂರು ನಮಗೆ ಒಂದು ರಾತ್ರಿಯ ಪ್ರಯಾಣ, ಹೈದರಾಬಾದ್ ಜಹೀರಾಬಾದ್ ಮೇಲೆ ಹಾದು ಬಂದರೆ ಸುಮಾರು 140 ಕಿಲೋಮೀಟರ್. ಬೆಳಿಗ್ಗೆ ಟೀ ಕುಡಿದು ಹೊರಟರೆ ಊಟದ ಹೊತ್ತಿಗೆ ಕೋಟೆಯಲ್ಲಿ. ಅವರು ವಾರಾಂತ್ಯಕ್ಕೆ ಎಲ್ಲಿಗೆ ಹೋಗೋದು ಅಂತ ಗುರುವಾರ, ಶುಕ್ರವಾರ ಮಾತಾಡಿಕೊಳ್ಳುತ್ತಾರೆ. ಅದಕ್ಕೆ ನಮ್ಮ ಮುಖ್ಯ ರೀಲ್ ಗುರುವಾರ ಸಂಜೆಯೇ ಹೋಗುತ್ತದೆ. ಭಾನುವಾರ ರಾತ್ರಿ ಎಷ್ಟು ಚಂದದ ವಿಡಿಯೋ ಹಾಕಿದರೂ, ನೋಡುವವನು ಸೋಮವಾರದ ಆಫೀಸ್ ಚಿಂತೆಯಲ್ಲಿರುತ್ತಾನೆ.

ಭಾಷೆ ಯಾವುದು ಅಂತ ಜಗಳ ಆಗಿದೆ ನಮ್ಮಲ್ಲಿ. ಬೀದರಿನ ಕೌಂಟರ್‌ನಲ್ಲಿ ಒಂದು ಗಂಟೆ ನಿಂತರೆ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ನಾಲ್ಕೂ ಕಿವಿಗೆ ಬೀಳುತ್ತವೆ, ಹಾಗಿದ್ದಾಗ ಪೇಜ್ ಮಾತ್ರ ಒಂದೇ ಭಾಷೆಯಲ್ಲಿ ಯಾಕೆ ಅಂತ ನನ್ನ ವಾದ. ಬರಹದಲ್ಲಿ ಕನ್ನಡ ಮೊದಲು, ಅದರಲ್ಲಿ ರಾಜಿ ಇಲ್ಲ. ಹಿಂದೆ ಮಾತಾಡುವ ದನಿ ಮಾತ್ರ ನಮ್ಮ ರಿಸೆಪ್ಷನ್ ಹುಡುಗನದು, ಅವನ ದಖನಿಯಲ್ಲಿ. ಹೈದರಾಬಾದಿನವರಿಗೆ ಅದು ಮನೆಮಾತು. "ಭಾಯ್, ಹಮಾರೇ ಜೈಸಾಚ್ ಬೋಲ್‌ರಾ" (ನಮ್ಮ ಹಾಗೇ ಮಾತಾಡ್ತಾನಲ್ಲ) ಅಂತ ಕಾಮೆಂಟ್ ಹಾಕುತ್ತಾರೆ. ಸ್ಟುಡಿಯೋ ದನಿ, ಆ್ಯಪ್‌ನಲ್ಲಿ ಬರುವ ಮಷಿನ್ ಹೆಂಗಸಿನ ದನಿ, ಇವುಗಳಿಗೆ ಆ ಪ್ರೀತಿ ಸಿಗುವುದಿಲ್ಲ.

ರೀಲ್ ಅಂದರೆ ಏನು ಹಾಕುವುದು? ಮೊದಲ ಎರಡು ಮೂರು ಸೆಕೆಂಡಿನಲ್ಲಿ ಕಣ್ಣೆದುರು ಏನಾದರೂ ಬದಲಾಗಬೇಕು. ಇಲ್ಲದಿದ್ದರೆ ಬೆರಳು ಮೇಲಕ್ಕೆ ಹೋಯಿತು ಅಂತಲೇ ಲೆಕ್ಕ. ಈ ವಿಷಯದಲ್ಲಿ ಬೀದರ್ ಪುಣ್ಯ ಮಾಡಿದ ಊರು, ಯಾಕೆಂದರೆ ನಮ್ಮಲ್ಲಿ ಬಿದರಿ ಲೋಹದ ಕಲೆ ಇದೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಹೂಜಿ. ಅದರ ಮೈಮೇಲೆ ಕೊರೆದು ಬೆಳ್ಳಿ ತಂತಿ ಕೂರಿಸಿರುತ್ತಾರೆ. ಆ ಹಂತದಲ್ಲಿ ನೋಡಿದರೆ ಬೂದು ಯಾವುದು ಬೆಳ್ಳಿ ಯಾವುದು ಅಂತ ಸರಿಯಾಗಿ ಗೊತ್ತೇ ಆಗುವುದಿಲ್ಲ. ಆಮೇಲೆ ಕೋಟೆಯ ಹಳೇ ಮಣ್ಣಿಗೆ ನವಸಾಗರ ಬೆರೆಸಿದ ಬಿಸಿ ದ್ರಾವಣ ತಗುಲುತ್ತದೆ, ಲೋಹ ಕಪ್ಪಗಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಬಟ್ಟೆಯಿಂದ ಒರೆಸಿದ ಕೂಡಲೇ ಹೂವು ಬಳ್ಳಿ ಎದ್ದು ಬರುತ್ತವೆ. ಆ ಕ್ಷಣವನ್ನೇ ರೀಲಿನ ಮೊದಲಿಗೆ ಇಡಿ. ಎರಕ, ಕೆತ್ತನೆ ಎಲ್ಲ ಆಮೇಲೆ ತೋರಿಸಿದರಾಯಿತು. ಹಾಡು ಬೇಡ, ಉಳಿ ಸುತ್ತಿಗೆಯ ಟಕ್ ಟಕ್ ಸಾಕು. 2023ರಲ್ಲಿ ಇದೇ ಕಲೆಗಾಗಿ ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಆ ಸುದ್ದಿ ಇಡೀ ದೇಶಕ್ಕೆ ಹೋಯಿತು, ಆದರೆ ಅವತ್ತು ಹೋಟೆಲ್ ಪೇಜ್‌ಗಳಲ್ಲಿ ಓಡುತ್ತಿದ್ದದ್ದು ಗಣರಾಜ್ಯೋತ್ಸವದ ಶುಭಾಶಯ. ಇನ್ನೊಂದು ಮಾತು, ಕುಶಲಕರ್ಮಿಗಳ ಅಂಗಡಿಗೆ ಹೋಗಿ ಸುಮ್ನೆ ವಿಡಿಯೋ ಮಾಡಿಕೊಂಡು ಬರಬೇಡಿ. ಅವರನ್ನು ಟ್ಯಾಗ್ ಮಾಡಿ, ಕೊಲ್ಯಾಬ್ ಪೋಸ್ಟ್ ಮಾಡಿ. ಆಗ ಒಂದೇ ರೀಲ್ ಎರಡೂ ಪೇಜ್‌ಗಳಲ್ಲಿ ಕಾಣುತ್ತದೆ, ಲೈಕ್ ಕಾಮೆಂಟ್ ಎಲ್ಲ ಒಟ್ಟಿಗೆ ಬೀಳುತ್ತವೆ. ನಿಮಗೂ ಲಾಭ, ಅವರಿಗೂ ಲಾಭ.

ಬಹಮನಿಗಳ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾಕ್ಕೆ ಬೆಳಿಗ್ಗೆಯೇ ಹೋಗಿ. 1472ರಲ್ಲಿ ಕಟ್ಟಿದ್ದು, ಈಗ ಉಳಿದಿರುವುದು ಒಂದೇ ಮಿನಾರ್, ಅದರ ಮೇಲೆ ಅಲ್ಲಲ್ಲಿ ನೀಲಿ ಹಸಿರು ಹೆಂಚು. ಎಳೆ ಬಿಸಿಲಿನಲ್ಲಿ ಆ ಹೆಂಚು ಹೊಳೆಯುವುದನ್ನು ಫೋನಿನಲ್ಲೇ ಚೆನ್ನಾಗಿ ಹಿಡಿಯಬಹುದು, ದೊಡ್ಡ ಕ್ಯಾಮೆರಾ ಬೇಕಿಲ್ಲ.

ಚಂದದ ವಿಡಿಯೋ ಲೈಕ್ ತರುತ್ತದೆ. ಆದರೆ ಜನರನ್ನು ಪೇಜ್‌ನಲ್ಲಿ ಉಳಿಸಿಕೊಳ್ಳುವುದು ಬೇರೆಯದೇ. ಕೌಂಟರ್‌ನಲ್ಲಿ ದಿನಾ ಕೇಳುವ ಪ್ರಶ್ನೆಗಳಿವೆಯಲ್ಲ, ಅವೇ ನಿಜವಾದ ಬಂಡವಾಳ. ಕೋಟೆಯೊಳಗಿನ ರಂಗೀನ್ ಮಹಲ್‌ಗೆ ಬೀಗ ಹಾಕಿದೆಯಲ್ಲ, ಒಳಗೆ ಹೋಗೋದು ಹೇಗೆ? (ಅಲ್ಲಿನ ಸಿಬ್ಬಂದಿಯನ್ನು ಮರ್ಯಾದೆಯಿಂದ ಕೇಳಬೇಕು. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಇರುವುದು ಅಲ್ಲೇ, ಅದನ್ನು ನೋಡದೆ ವಾಪಸ್ ಹೋಗುವವರೇ ಜಾಸ್ತಿ.) ಝರಣಿಯಲ್ಲಿ ನೀರು ಎಷ್ಟಿದೆ, ಇವತ್ತು ಗುಹೆಯೊಳಗೆ ಬಿಡುತ್ತಾರಾ, ಚಿಕ್ಕ ಮಕ್ಕಳನ್ನು ಎತ್ತಿಕೊಂಡು ಸೊಂಟದ ಮಟ್ಟದ ನೀರಿನಲ್ಲಿ ನಡೆಯಲು ಆಗುತ್ತಾ, ಬಟ್ಟೆ ಬದಲಿಸಲು ಜಾಗ ಇದೆಯಾ? ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಗೋರಿ ಗುಮ್ಮಟಗಳಿಗೆ ಆಟೋ ಸಿಗುತ್ತಾ, ವಾಪಸ್ ಬರಲು? ಬಸವಕಲ್ಯಾಣ ಒಂದೇ ದಿನದಲ್ಲಿ ಸೇರಿಸಬಹುದಾ? ಒಂದೊಂದು ಪ್ರಶ್ನೆಗೆ ಒಂದೊಂದು ರೀಲ್. ಇಂಥವನ್ನು ಜನ ಸೇವ್ ಮಾಡಿಕೊಳ್ಳುತ್ತಾರೆ, ಮನೆಯವರ ಗ್ರೂಪ್‌ಗೆ ಕಳಿಸುತ್ತಾರೆ. ಒಬ್ಬರಿಂದ ಒಬ್ಬರಿಗೆ ಕಳಿಸುವ ವಿಡಿಯೋಗೆ ಹೊಸ ಜನರ ಹತ್ತಿರ ಹೋಗುವ ಶಕ್ತಿ ಜಾಸ್ತಿ ಅಂತ ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಮ್ ಮೊಸೇರಿಯೇ ಹೇಳಿದ್ದಾರೆ. ಝರಣಿ ಮುಚ್ಚಿದ್ದರೆ ಮುಚ್ಚಿದೆ ಅಂತ ಸ್ಟೋರಿ ಹಾಕುತ್ತೇವೆ. ಆ ದಿನ ಒಂದೆರಡು ರೂಮ್ ಖಾಲಿ ಹೋಗಬಹುದು. ಪರವಾಗಿಲ್ಲ, ಈ ಪೇಜ್ ನಂಬಬಹುದು ಅಂತ ಮುಂದಿನ ಸಲ ನಮ್ಮನ್ನೇ ಕೇಳುತ್ತಾರೆ.

ಫಾಲೋವರ್ಸ್ ಕೊಂಡುಕೊಳ್ಳುವ ವಿಚಾರ. "ಹತ್ತು ಸಾವಿರ ಫಾಲೋವರ್ಸ್, ಇಷ್ಟೇ ರೊಕ್ಕ" ಅಂತ ವಾಟ್ಸ್ಆ್ಯಪ್‌ನಲ್ಲಿ ಮೆಸೇಜ್ ಬರುತ್ತಲೇ ಇರುತ್ತದೆ. ಮಾವನ ಕಣ್ಣು ಅರಳುತ್ತದೆ, ನಾನು ಡಿಲೀಟ್ ಮಾಡುತ್ತೇನೆ. ಆ ಹತ್ತು ಸಾವಿರದಲ್ಲಿ ಬೀದರ್ ಎಲ್ಲಿದೆ ಅಂತ ಗೊತ್ತಿರುವವರು ಒಬ್ಬರೂ ಇರುವುದಿಲ್ಲ. ಮನುಷ್ಯರೇ ಇರುವುದಿಲ್ಲ ಅನ್ನಿ. ನೀವು ಪೋಸ್ಟ್ ಹಾಕುತ್ತೀರಿ, ಅದು ಆ ಸತ್ತ ಅಕೌಂಟ್‌ಗಳಿಗೆ ಹೋಗುತ್ತದೆ, ಯಾರೂ ನೋಡುವುದಿಲ್ಲ, ಇದು ಯಾರಿಗೂ ಬೇಡದ ಪೋಸ್ಟ್ ಅಂತ ಇನ್‌ಸ್ಟಾಗ್ರಾಂ ತಿಳಿದುಕೊಂಡು ನಿಜವಾದವರಿಗೂ ತೋರಿಸುವುದನ್ನು ಕಡಿಮೆ ಮಾಡುತ್ತದೆ. ಅಂದರೆ ಕೈಯಿಂದ ರೊಕ್ಕ ಕೊಟ್ಟು ನಮ್ಮ ದನಿ ನಾವೇ ಕುಗ್ಗಿಸಿಕೊಂಡ ಹಾಗೆ. "ಮೂವರನ್ನು ಟ್ಯಾಗ್ ಮಾಡಿ, ಒಂದು ರಾತ್ರಿ ಫ್ರೀ" ಅನ್ನುವ ಸ್ಪರ್ಧೆಗಳದ್ದೂ ಇದೇ ಕಥೆ. ಫ್ರೀ ಮುಗಿದ ಮೇಲೆ ಬಂದವರೆಲ್ಲ ಅನ್‌ಫಾಲೋ.

ವ್ಲಾಗರ್‌ಗಳು ಬರುತ್ತಾರೆ. "ಕೊಲ್ಯಾಬ್ ಮಾಡೋಣ ಸರ್, ಎರಡು ದಿನ ಸ್ಟೇ ಕೊಡಿ, ನಾಲ್ಕು ಜನ ಇದ್ದೀವಿ." ಎಲ್ಲರಿಗೂ ಬೇಡ ಅನ್ನುವುದಿಲ್ಲ. ಅವರ ಹಳೇ ವಿಡಿಯೋಗಳ ಕಾಮೆಂಟ್ ಓದುತ್ತೇನೆ. ಬರೀ ಬೆಂಕಿ ಎಮೋಜಿ ಇದ್ದರೆ ನಮಸ್ಕಾರ. "ಅಲ್ಲಿ ಪಾರ್ಕಿಂಗ್ ಇದೆಯಾ, ರೇಟ್ ಎಷ್ಟು" ಅಂತ ಜನ ಕೇಳಿದ್ದರೆ, ಅವರ ಹಿಂದೆ ಹೊರಡುವ ಜನ ಇದ್ದಾರೆ ಅಂತ ಅರ್ಥ, ಫಾಲೋವರ್ಸ್ ಐದು ಸಾವಿರ ಇದ್ದರೂ ಸರಿ. ಪುಕ್ಕಟೆ ಉಳಿದುಕೊಂಡಿದ್ದನ್ನು ಅವರು ವಿಡಿಯೋದಲ್ಲಿ ಹೇಳಲೇಬೇಕು, 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇದಕ್ಕೆ ಮಾರ್ಗಸೂಚಿ ತಂದಿದೆ. ಹೇಳಲ್ಲ ಅನ್ನುವವರಿಗೆ ರೂಮ್ ಇಲ್ಲ.

ಇಷ್ಟೆಲ್ಲಾ ಇನ್‌ಸ್ಟಾಗ್ರಾಂ ಪುರಾಣ ಹೇಳಿದೆ, ಆದರೆ ಗೂಗಲ್ ಮ್ಯಾಪ್ ಸರಿ ಇಲ್ಲದಿದ್ದರೆ ಎಲ್ಲಾ ನೀರಿನಲ್ಲಿ ಹೋಮ. ರೀಲ್ ನೋಡಿದವನು ಆಮೇಲೆ ಮಾಡುವ ಮೊದಲ ಕೆಲಸ ಮ್ಯಾಪ್‌ನಲ್ಲಿ ಹೆಸರು ಹುಡುಕುವುದು. ಪಿನ್ ಸರಿಯಾದ ಗಲ್ಲಿಯಲ್ಲಿ ಇದೆಯಾ, ಫೋನ್ ನಂಬರ್ ಈಗಲೂ ಅದೇನಾ ನೋಡಿ. ರೂಮಿನ ಫೋಟೋಗಳಿಗೆ ಜಾಗ ಇರುವುದು ಇಲ್ಲೇ. ಬಾತ್‌ರೂಮ್ ಫೋಟೋ ಹಾಕಿ, ನಾಚಿಕೊಳ್ಳಬೇಡಿ. ಇಂಡಿಯನ್ನಾ ವೆಸ್ಟರ್ನಾ, ಬಿಸಿ ನೀರು ಎಷ್ಟು ಗಂಟೆವರೆಗೆ, ಲಿಫ್ಟ್ ಇದೆಯಾ, ಕರೆಂಟ್ ಹೋದರೆ ಎ.ಸಿ. ನಡೆಯುತ್ತಾ, ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಬರುವವರು ನೋಡುವುದು ಇದನ್ನೇ. ಕೆಟ್ಟ ರಿವ್ಯೂ ಬಂದರೆ ಜಗಳಕ್ಕೆ ಇಳಿಯದೆ ಉತ್ತರ ಕೊಡಿ. ಫೈವ್ ಸ್ಟಾರ್ ಕೊಟ್ಟರೆ ಬಿಲ್‌ನಲ್ಲಿ ಕಡಿಮೆ ಮಾಡ್ತೀವಿ ಅನ್ನುವುದನ್ನು ಗೂಗಲ್ ಒಪ್ಪುವುದಿಲ್ಲ, ಹಾಗೆ ಬಂದ ರಿವ್ಯೂ ತೆಗೆದುಹಾಕಬಹುದು.

ಮೆಸೇಜ್‌ಗೆ ಉತ್ತರ ಬೇಗ ಹೋಗಬೇಕು. ಇನ್‌ಸ್ಟಾಗ್ರಾಂನಲ್ಲಿ ಅಪರಿಚಿತರ ಮೆಸೇಜ್ ಹೋಗಿ ಬೀಳುವ ರಿಕ್ವೆಸ್ಟ್ ಫೋಲ್ಡರ್‌ನಲ್ಲಿ ಎಷ್ಟೋ ಬುಕಿಂಗ್‌ಗಳು ಕೊಳೆಯುತ್ತಿರುತ್ತವೆ, ತೆಗೆದು ನೋಡಿ. ಬುಕಿಂಗ್ ಆ್ಯಪ್‌ಗಳು ಕಮಿಷನ್ ಅಂತ ಒಳ್ಳೇ ಪಾಲೇ ಹಿಡಿದುಕೊಳ್ಳುತ್ತವೆ. ನೇರ ಮೆಸೇಜ್‌ನಲ್ಲಿ ಬಂದ ಗಿರಾಕಿ ಅಂದರೆ ಅಷ್ಟೂ ಉಳಿಯಿತು. ಮಾವ ಪೇಜ್ ಮೇಲೆ ನಂಬಿಕೆ ಇಟ್ಟಿದ್ದು ಈ ಲೆಕ್ಕ ತೋರಿಸಿದ ಮೇಲೇ, ಫಾಲೋವರ್ಸ್ ನೋಡಿ ಅಲ್ಲ.

ಒಂದು ಮಾತ್ರ ಎಂದೂ ಮಾಡಬೇಡಿ. ಗಿರಾಕಿಗಳ ಫೋಟೋ ಕೇಳದೆ ಹಾಕಬೇಡಿ. ಊಟ ಮಾಡುತ್ತಿರುವ ಕುಟುಂಬ, ಲಾಬಿಯಲ್ಲಿ ಕೂತ ಜೋಡಿ, ಚಂದ ಕಾಣುತ್ತದೆ ಅಂತ ಹುಡುಗರು ಕ್ಲಿಕ್ ಮಾಡಿಬಿಡುತ್ತಾರೆ. ನಮ್ಮ ಕಡೆ ಊರುಗಳು ಸಣ್ಣವು, ನೆಂಟಸ್ತನ ದೊಡ್ಡದು. ಬೀದರಿನಲ್ಲಿ ತೆಗೆದ ಫೋಟೋ ಭಾಲ್ಕಿಯಲ್ಲಿ ಯಾರ ಮನೆಯಲ್ಲಿ ಏನು ಎಬ್ಬಿಸುತ್ತದೋ ಯಾರಿಗೆ ಗೊತ್ತು. ಮದುವೆಯವರು ತಾವಾಗಿ ಟ್ಯಾಗ್ ಮಾಡಿದರೆ ಮಾತ್ರ ನಾವು ಶೇರ್ ಮಾಡುತ್ತೇವೆ.

ಹಬ್ಬದ ಶುಭಾಶಯ? ಅದನ್ನು ಪೂರ್ತಿ ನಿಲ್ಲಿಸಲು ಆಗಲಿಲ್ಲ. ಮಾವನ ಫೋಟೋ ಸಮೇತ ಸ್ಟೋರಿಯಲ್ಲಿ ಹಾಕುತ್ತೇವೆ, 24 ಗಂಟೆಗೆ ತಾನಾಗಿ ಹೋಗುತ್ತದೆ.

ಈಗ ಕೈಯಲ್ಲಿರುವ ಕೆಲಸ ಗುರುನಾನಕ್ ಜಯಂತಿಯದು. ಪಂಜಾಬಿನಿಂದ ನಾಂದೇಡ್‌ನ ಗುರುದ್ವಾರಕ್ಕೆ ಬರುವವರಲ್ಲಿ ಸುಮಾರು ಜನ ನಾನಕ್ ಝೀರಾಕ್ಕೂ ಬಂದು ಹೋಗುತ್ತಾರೆ. ಗುರು ಗೋವಿಂದ ಸಿಂಗರು ಖಾಲ್ಸಾ ಕಟ್ಟಿದಾಗ ಮೊದಲು ಮುಂದೆ ಬಂದ ಐವರು, ಅಂದರೆ ಪಂಚ ಪ್ಯಾರೆಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು ಅನ್ನುವುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ನಾಂದೇಡ್‌ನಿಂದ ಬರುವ ದಾರಿ, ಬಸ್, ಗುರುದ್ವಾರದಲ್ಲಿ ರೂಮ್ ಸಿಗದಿದ್ದರೆ ಹತ್ತಿರ ಎಲ್ಲೆಲ್ಲಿ ಉಳಿಯಬಹುದು, ಇದನ್ನೆಲ್ಲ ಪಂಜಾಬಿಯಲ್ಲೇ ಹೇಳುವ ಒಂದು ರೀಲ್ ಮಾಡಿ ಪೇಜ್‌ನ ಮೇಲುಗಡೆ ಪಿನ್ ಮಾಡಬೇಕು ಅಂತಿದ್ದೇನೆ. ಎದುರಿನ ಹೋಟೆಲ್‌ನ ಹೆಸರೂ ಅದರಲ್ಲಿ ಇರುತ್ತದೆ, ಮಾವನಿಗೆ ಇನ್ನೂ ಹೇಳಿಲ್ಲ. ಗುರುನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ಪಂಜಾಬಿ ಹುಡುಗರು ಯಾರಾದರೂ ನಿಮಗೆ ಪರಿಚಯ ಇದ್ದರೆ ತಿಳಿಸಿ. ಪಂಜಾಬಿ ಲಿಪಿ ಗುರುಮುಖಿ ಬರೆಯಲು ಬರಬೇಕು, ಕ್ಯಾಮೆರಾ ಮುಂದೆ ನಾಚಬಾರದು. ರೊಕ್ಕ ಕೊಡುತ್ತೇವೆ, ಊಟ ಹೇಗೂ ನಮ್ಮಲ್ಲೇ.