ನಮ್ಮ ಜಿಟಿಒಗೆ ಅದರದ್ದೇ ರೇಡಿಯೊ

2024 ಅಕ್ಟೋಬರ್ 6, ಭಾನುವಾರ
ಟ್ರಾಯ್, ಮಿಶಿಗನ್

ಕೊನೆಗೂ ರೇಡಿಯೊ ಸಿಕ್ಕಿತು. 1967ರ ಪಾಂಟಿಯಾಕ್ ಜಿಟಿಒ ಕಾರಿಗೆಂದೇ ಡೆಲ್ಕೊ ಕಂಪನಿ ಮಾಡಿದ ಎಎಂ ರೇಡಿಯೊ. ಐದು ಗುಂಡಿ, ಎರಡು ನಾಬ್, ಡಯಲ್ ಮೇಲೆ ಒಂದು ಗೀರೂ ಇಲ್ಲ. ಇದನ್ನು ಬರೆಯದೆ ಇವತ್ತು ನಿದ್ದೆ ಬರುವುದಿಲ್ಲ.

ನಾನು ಈ ಕಾರು ಕೊಂಡಾಗ ಡ್ಯಾಶ್‌ಬೋರ್ಡ್‌ನಲ್ಲಿ 80ರ ದಶಕದ ಕ್ಯಾಸೆಟ್ ಪ್ಲೇಯರ್ ಕೂತಿತ್ತು. ಅದನ್ನು ತುರುಕಲು ಯಾರೋ ಡ್ಯಾಶ್‌ ಕತ್ತರಿಸಿದ್ದರು. ಆಗ ಬಹಳ ಜನ ಮಾಡಿದ್ದು ಅದನ್ನೇ. ಹಳೆ ಎಎಂ ರೇಡಿಯೊ ಯಾರಿಗೂ ಬೇಡವಾಗಿತ್ತು. ಎಂಜಿನ್, ಗೇರ್‌ಬಾಕ್ಸ್ ಜೋಪಾನ ಮಾಡಿದವರೂ ರೇಡಿಯೊವನ್ನು ಕಸಕ್ಕೆ ಹಾಕಿದರು. ಅದಕ್ಕೇ ಈಗ ಇಷ್ಟು ಹುಡುಕಾಟ.

ಜಿಟಿಒ ಅಂದರೆ ಗೊತ್ತಲ್ವಾ? 1964ರಲ್ಲಿ ಪಾಂಟಿಯಾಕ್‌ನವರು ಮಧ್ಯಮ ಗಾತ್ರದ ಟೆಂಪೆಸ್ಟ್ ಲೆಮಾನ್ಸ್ ಕಾರಿನೊಳಗೆ ದೊಡ್ಡ ವಿ8 ಎಂಜಿನ್ ಇಟ್ಟು ಮಾರಿದರು. ಮಸಲ್ ಕಾರ್‌ಗಳ ಓಟ ಶುರುವಾದದ್ದು ಅಲ್ಲಿಂದ ಅಂತ ಇಲ್ಲಿ ಬಹಳ ಜನ ಹೇಳುತ್ತಾರೆ. ನನ್ನದು 1967ರ ಹಾರ್ಡ್‌ಟಾಪ್ (ಪಕ್ಕದ ಕಿಟಕಿಗಳ ನಡುವೆ ಕಂಬ ಇಲ್ಲದ್ದು), 400 ಘನ ಇಂಚಿನ ಎಂಜಿನ್. ಅದರ ವಿಐಎನ್, ಅಂದರೆ ಕಾರ್ಖಾನೆ ಕೊಟ್ಟ ಗುರುತಿನ ನಂಬರ್, ಶುರುವಾಗುವುದು 242177ಪಿ ಅಂತ. 242 ಅಂದರೆ ಜಿಟಿಒ, 17 ಅಂದರೆ ಹಾರ್ಡ್‌ಟಾಪ್, 7 ಅಂದರೆ 1967. ಕೊನೆಯ ಪಿ ಅಂದರೆ ಪಾಂಟಿಯಾಕ್ ಊರಿನ ಕಾರ್ಖಾನೆ. ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲ.

ಸರಿಯಾದ ರೇಡಿಯೊ ಯಾವುದು ಅಂತ ತಿಳಿಯೋದು ಹೇಗೆ? ಪಾಂಟಿಯಾಕ್ ಇಟ್ಟುಕೊಂಡವರು ಈ ವಿಷಯದಲ್ಲಿ ಪುಣ್ಯವಂತರು. ಪಿಎಚ್‌ಎಸ್ ಎಂಬ ಸಂಸ್ಥೆಯ ಹತ್ತಿರ ಕಾರ್ಖಾನೆಯ ಹಳೆ ಬಿಲ್ಲುಗಳ ದಾಖಲೆ ಇದೆ. ವಿಐಎನ್ ಮತ್ತು ಹಣ ಕಳಿಸಿದರೆ ನಮ್ಮ ಕಾರಿನ ಬಿಲ್ಲಿನ ಪ್ರತಿ ಬರುತ್ತದೆ. ಕಾರಿಗೆ ಏನೇನು ಹಾಕಿ ಕಳಿಸಿದರು ಅನ್ನೋದೆಲ್ಲ ಅದರಲ್ಲಿರುತ್ತದೆ. ಷೆವ್ರೊಲೆ ಕಾರಿನವರಿಗೆ ಈ ಅನುಕೂಲ ಇಲ್ಲ. ಸೀಟಿನ ಸ್ಪ್ರಿಂಗ್ ನಡುವೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಸಿಕ್ಕಿಕೊಂಡಿರುವ ಕಾರ್ಖಾನೆಯ ಚೀಟಿಗಾಗಿ ಅವರು ತಡಕಾಡಬೇಕು.

ನನ್ನ ಬಿಲ್ಲಿನಲ್ಲಿ ಇರುವುದು ಗುಂಡಿ ಒತ್ತುವ ಎಎಂ ರೇಡಿಯೊ, ಕೈಯಿಂದ ಎಳೆಯುವ ಆಂಟೆನಾ, ಅಷ್ಟೇ. ಆ ವರ್ಷ ಎಎಂ-ಎಫ್‌ಎಂ ಸಿಗುತ್ತಿತ್ತು, 8-ಟ್ರ್ಯಾಕ್ ಟೇಪ್ ಸಿಗುತ್ತಿತ್ತು. ಹಿಂದಿನ ಸ್ಪೀಕರಿಗೆ ಸ್ಪ್ರಿಂಗ್ ಮೂಲಕ ಪ್ರತಿಧ್ವನಿ ಕೊಡುವ ರಿವರ್ಬ್ ಕೂಡ ಸಿಗುತ್ತಿತ್ತು. ಮೊದಲು ಕೊಂಡವರು ಅದ್ಯಾವುದನ್ನೂ ತೆಗೆದುಕೊಂಡಿಲ್ಲ. ಆದರೆ ಬಾನೆಟ್ ಮೇಲೆ ಕೂತು ಎಂಜಿನ್ ತಿರುಗುವ ವೇಗ ತೋರಿಸುವ ಟ್ಯಾಕೊಮೀಟರ್‌ಗೆ ದುಡ್ಡು ಕೊಟ್ಟಿದ್ದಾರೆ! ಆಗ ರೇಡಿಯೊಗೂ ಬೇರೆಯೇ ದುಡ್ಡು. ಹಾಗಾಗಿ ಆ ಬಿಲ್ಲು ಓದಿದರೆ ಆ ಮನುಷ್ಯ ಎಂಥವರು ಅಂತ ಸ್ವಲ್ಪ ಗೊತ್ತಾಗುತ್ತದೆ. ಎಂಜಿನ್ ಮೇಲೆ ಆಸೆ ಜಾಸ್ತಿ, ಹಾಡಿಗೆ ಎಎಂ ಸಾಕು. ಎಫ್‌ಎಂ ಇರುವುದನ್ನೇ ಹುಡುಕು, ಬೆಲೆ ಬರುತ್ತದೆ ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಈ ಕಾರಿಗೆ ಮೊದಲು ಕೊಂಡವರು ಆರಿಸಿದ್ದೇ ಸರಿಯಾದದ್ದು.

ಕೆಲವು ಕಾರಿಗೆ ರೇಡಿಯೊ ಇಲ್ಲದಿರುವುದೇ ಸರಿ. 1967ರ ಕಾರ್ವೆಟ್ ಎಲ್88 ರೇಸಿಗಾಗಿ ಮಾಡಿದ್ದು. ಅದಕ್ಕೆ ಷೆವ್ರೊಲೆಯವರು ರೇಡಿಯೊ, ಹೀಟರ್ ಎರಡನ್ನೂ ಕೊಡಲಿಲ್ಲ. ಆ ವರ್ಷ ತಯಾರಾದದ್ದು 20 ಮಾತ್ರ. ಅಂಥ ಕಾರಿಗೆ ರೇಡಿಯೊ ಹಾಕಿದರೆ ಅದು ಕಾರಿಗೆ ಮಾಡುವ ಅನ್ಯಾಯ.

ಇವತ್ತು ಮಗಳನ್ನೂ ಕರೆದುಕೊಂಡು ಹಳೆ ಬಿಡಿಭಾಗಗಳ ಸಂತೆಗೆ ಹೋಗಿದ್ದೆ. ಮೇಜುಗಳ ತುಂಬ ಡೆಲ್ಕೊ ರೇಡಿಯೊಗಳು. ಡೆಲ್ಕೊ ಜನರಲ್ ಮೋಟಾರ್ಸ್‌ನದೇ ವಿಭಾಗ, ಪಕ್ಕದ ಇಂಡಿಯಾನಾದ ಕೊಕೊಮೊದಲ್ಲಿತ್ತು. ಷೆವ್ರೊಲೆ, ಪಾಂಟಿಯಾಕ್, ಬ್ಯೂಕ್, ಕ್ಯಾಡಿಲಾಕ್ ಎಲ್ಲಕ್ಕೂ ಅಲ್ಲಿಂದಲೇ ಹೋಗುತ್ತಿತ್ತು. ಬಿಚ್ಚಿ ನೋಡಿದರೆ ಒಳಗೆ ಅಣ್ಣ ತಮ್ಮಂದಿರು. ಹೊರಗೆ ಮಾತ್ರ ಡಯಲ್ ಬೇರೆ, ಬ್ರಾಕೆಟ್ ಬೇರೆ. ಒಂದು ಮೇಜಿನಲ್ಲಿ 'ಜಿಟಿಒ ರೇಡಿಯೊ' ಅಂತ ಬರೆದು ಇಟ್ಟಿದ್ದರು. ನೋಡಿದರೆ ದೊಡ್ಡ ಪಾಂಟಿಯಾಕ್‌ಗಳದ್ದು. ನಮ್ಮ ಡ್ಯಾಶ್‌ಗೆ ಅದು ಕೂರುವುದೇ ಇಲ್ಲ. ಬರೆದಿರುವುದನ್ನು ನಂಬಬಾರದು, ನಂಬರ್ ನೋಡಬೇಕು.

ನಮ್ಮದು ಸಿಕ್ಕಿದ್ದು ಕೊನೆಯ ಸಾಲಿನಲ್ಲಿ, ಒಬ್ಬ ವಯಸ್ಸಾದವರ ಹತ್ತಿರ. "ನಿಮ್ಮದು ಯಾವ ವರ್ಷದ ಕಾರು?" ಅಂತ ಮೊದಲು ಕೇಳಿದರು. ಹೇಳಿದ ಮೇಲೆ ಪೆಟ್ಟಿಗೆಯಿಂದ ತೆಗೆದು ಕೈಗೆ ಕೊಟ್ಟರು. ಮೇಲಿನ ಲೇಬಲ್ ಇನ್ನೂ ಓದಲು ಬರುತ್ತಿತ್ತು. ನಂಬರ್ ಪಾರ್ಟ್ಸ್ ಪುಸ್ತಕದ ಜೊತೆ ತಾಳೆಯಾಯಿತು. ನಾನು ಚೌಕಾಸಿ ಮಾಡಲಿಲ್ಲ, ಕೇಳಿದಷ್ಟು ಕೊಟ್ಟೆ. ಇಂಥದ್ದನ್ನು ಐವತ್ತು ವರ್ಷ ಬಿಸಾಡದೆ ಇಟ್ಟವರಿಗೆ ಅಷ್ಟಾದರೂ ಸಲ್ಲಬೇಕು.

ಸಂಜೆ ಮೇಜಿನ ಮೇಲೆ 12 ವೋಲ್ಟ್ ಕೊಟ್ಟು ಪರೀಕ್ಷೆ ಮಾಡಿದೆ. ಇಲ್ಲಿ ಬಹಳ ಹುಷಾರಾಗಿರಬೇಕು. ಆ ಕಾಲದ ಡೆಲ್ಕೊಗೆ 10 ಓಮ್ ಸ್ಪೀಕರ್ ಬೇಕು. ಈಗಿನ 4 ಓಮ್‌ನದು ಹಾಕಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಮೇಲೆ ಭಾರ ಬಿದ್ದು ಸುಟ್ಟುಹೋಗಬಹುದು. ಸ್ಪೀಕರ್ ಜೋಡಿಸದೆ ಸುಮ್ನೆ ಆನ್ ಮಾಡುವುದೂ ಅಪಾಯ. ಅದು ಜರ್ಮೇನಿಯಂ ಟ್ರಾನ್ಸಿಸ್ಟರ್, ಹೊಸದು ಸಿಗುವುದು ಕಷ್ಟ.

ಮೊದಲು ಗುಂಯ್ ಅಂದಿತು. ನಾಬ್ ತಿರುಗಿಸಿದೆ. 760ರಲ್ಲಿ ಡೆಟ್ರಾಯಿಟ್‌ನ ಡಬ್ಲ್ಯುಜೆಆರ್ ಸ್ಟೇಷನ್ ಬಂತು, ಇನ್ನಷ್ಟು ಸರಿಸಿದರೆ 800ರಲ್ಲಿ ನದಿಯಾಚೆಯ ವಿಂಡ್ಸರ್‌ನ ಸಿಕೆಎಲ್‌ಡಬ್ಲ್ಯು. ಎರಡೂ 50,000 ವಾಟಿನವು. ಈ ಕಾರು ಹೊಸದಾಗಿದ್ದಾಗ ಇಲ್ಲಿನ ಹುಡುಗರು ಹಾಡಿಗೆ ಹಚ್ಚುತ್ತಿದ್ದದ್ದು ಆ 800ನ್ನೇ. ಈಗ ಅದರಲ್ಲಿ ಮಾತೇ ಜಾಸ್ತಿ. ನಾನು ಹುಬ್ಬಳ್ಳಿಯಲ್ಲಿ ಬೆಳೆದವನು. ಧಾರವಾಡ ಆಕಾಶವಾಣಿ 765 ಕಿಲೊಹರ್ಟ್ಸ್. ಡಬ್ಲ್ಯುಜೆಆರ್ ಬಂದಾಗ ಮುಳ್ಳು ನಿಂತಿದ್ದು ಹೆಚ್ಚುಕಡಿಮೆ ಅದೇ ಜಾಗದಲ್ಲಿ. ಮಗಳಿಗೆ ತೋರಿಸಿದೆ. "ಅಪ್ಪ, ಇದರಲ್ಲಿ ಧಾರವಾಡ ಬರುತ್ತಾ?" ಅಂದಳು. ಬರಲ್ಲ ಮಗಳೇ ಅಂದೆ. ಆದರೂ ಆ ಜಾಗಕ್ಕೆ ಒಂದು ಗುಂಡಿ ಅವಳೇ ಸೆಟ್ ಮಾಡಿದಳು. ಗುಂಡಿ ಹೊರಗೆಳೆದು, ಸ್ಟೇಷನ್ ಹಿಡಿದು, ಒಳಗೆ ಒತ್ತುವುದು. ಹಲ್ಲುಗಳು ಕಟಕ್ ಅಂತ ಕೂರುವುದು ಅವಳಿಗೆ ಬಹಳ ಹಿಡಿಸಿತು.

ಒಳಗೆ ಹೊಸ ಬೋರ್ಡ್ ಹಾಕಿ ಎಫ್‌ಎಂ, ಬ್ಲೂಟೂತ್ ಬರುವ ಹಾಗೆ ಮಾಡಿಕೊಡುವವರಿದ್ದಾರೆ. ಹೊರಗಿನಿಂದ ಏನೂ ಕಾಣಿಸುವುದಿಲ್ಲ. ಬೇಕಾದವರು ಮಾಡಿಸಲಿ, ನಾನು ಮಾಡಿಸುವುದಿಲ್ಲ. ಕೊಕೊಮೊದಲ್ಲಿ ಕೂರಿಸಿದ ಭಾಗಗಳು ಇನ್ನೂ ಕೆಲಸ ಮಾಡುತ್ತಿರುವಾಗ ಅವನ್ನು ಕಿತ್ತು ತೆಗೆಯಲು ನನಗೆ ಮನಸ್ಸಿಲ್ಲ. ಒಣಗಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನು ಮಾತ್ರ ಬದಲಾಯಿಸಬೇಕು. ಆ ಗುಂಯ್ ಸದ್ದು ಅವುಗಳದ್ದೇ.

ಕಾರಿಗೆ ಕೂರಿಸಿದ ಮೇಲೆ ಇನ್ನೊಂದು ಕೆಲಸವಿದೆ. ರೇಡಿಯೊದ ಆಂಟೆನಾ ತೂತಿನ ಹತ್ತಿರ ಪುಟ್ಟ ಟ್ರಿಮ್ಮರ್ ತಿರುಪು ಇರುತ್ತದೆ. 1400ರ ಆಸುಪಾಸಿನ ಕ್ಷೀಣ ಸ್ಟೇಷನ್ ಒಂದನ್ನು ಹಿಡಿದು, ಸದ್ದು ಅತಿ ಜೋರಾಗುವ ತನಕ ಅದನ್ನು ಮೆಲ್ಲಗೆ ತಿರುಗಿಸಬೇಕು. ಆ ಕಾರಿನ ಆಂಟೆನಾ, ಅದರ ಕೇಬಲ್ ಎರಡಕ್ಕೂ ಹೊಂದಿಸುವ ಕೆಲಸ ಇದು, ಮೇಜಿನ ಮೇಲೆ ಆಗುವುದಿಲ್ಲ. ಮುಂದಿನ ವಾರ ಕೆಪಾಸಿಟರ್ ಬರುತ್ತವೆ. ಅಷ್ಟರಲ್ಲಿ ಆಂಟೆನಾದ ತುಕ್ಕು ತೆಗೆದಿಡಬೇಕು.